ಅಜ್ಜಿಯ ತುಟಿಗೆ ಮುಲಾಮು

ಕೊರೊನಾದ ಗಲಾಟೆ ಮುಗಿದು, ಮನೆಮನೆಯ ಗೋಡೆ ಮೊಳೆಗಳಲ್ಲಿ ಮಾಸ್ಕುಗಳು ಮಾತ್ರ ಇನ್ನೂ ನೇತಾಡುತ್ತಿದ್ದ ವರ್ಷ ಅದು. ನನ್ನ ಮಗಳು ಹುಟ್ಟಿದ್ದು ಆಗಲೇ. ಹೆರಿಗೆ ಹಾಸನದ ಆಸ್ಪತ್ರೆಯಲ್ಲಿ, ಬಾಣಂತನ ಹೊಳೆನರಸೀಪುರದ ತವರುಮನೆಯಲ್ಲಿ. ನಾನು ಮದುವೆಯಾಗಿ ಹೋಗಿದ್ದು ಚನ್ನರಾಯಪಟ್ಟಣಕ್ಕೆ. ಅಲ್ಲಿ ಬ್ಲೌಸ್ ಹೊಲಿಯುವ ಪುಟ್ಟ ಅಂಗಡಿ ಇಟ್ಟುಕೊಂಡಿದ್ದೇನೆ. ಕತ್ತರಿ ಹಿಡಿದೂ ಹಿಡಿದೂ ಇವಳ ನಾಲಿಗೆಯೂ ಹರಿತವಾಗಿದೆ ಅಂತ ನಮ್ಮೆಜಮಾನರು ಆಡಿಕೊಳ್ಳುತ್ತಾರೆ. ಅದು ಪೂರ್ತಿ ಸುಳ್ಳೇನಲ್ಲ.

ತವರಿನಲ್ಲಿ ಅಪ್ಪ, ಅಮ್ಮ, ಜೊತೆಗೆ ಅಪ್ಪನ ತಾಯಿ ನಿಂಗಜ್ಜಿ. ನಮ್ಮ ಬೀದಿಯಲ್ಲಿ ಹುಟ್ಟಿದ ಮಕ್ಕಳಲ್ಲಿ ನಿಂಗಜ್ಜಿಯ ಕಾಲ ಮೇಲೆ ಮಲಗಿ ನೀರು ಹುಯ್ಯಿಸಿಕೊಳ್ಳದವರು ಬಹಳ ಕಡಿಮೆ. ಬಚ್ಚಲುಮನೆಯಲ್ಲಿ ಮಣೆ ಹಾಕಿಕೊಂಡು, ಸೀರೆಯನ್ನು ಮಂಡಿಯ ಮೇಲಕ್ಕೆ ಸರಿಸಿ, ಎರಡೂ ಕಾಲು ನೀಡಿಕೊಂಡು ಕೂತಳೆಂದರೆ ಅದೇ ತೊಟ್ಟಿಲು. ಹರಳೆಣ್ಣೆ ತಿಕ್ಕಿ, ಹಂಡೆಯ ನೀರು ಹದ ಮಾಡಿ ಹುಯ್ದು, ಮೂಗು ನೀವಿ, ಹಣೆ ತಟ್ಟಿ, ಕೊನೆಗೆ ಬಗ್ಗಿ ಮಗುವಿನ ಮೂಗಿನ ಹೊಳ್ಳೆಗೆ, ಕಿವಿಗೆ ಬಾಯಿಂದ ಊದುತ್ತಿದ್ದಳು, ಒಳಗೆ ಸೇರಿದ ನೀರು ಆಚೆ ಬರಲಿ ಅಂತ. ಆಮೇಲೆ ಕೆನ್ನೆಗೊಂದು ಮುತ್ತು, ಸಾಂಬ್ರಾಣಿ ಹೊಗೆ, ಕಡೆಗೆ ಎರಡೂ ಕೈಯಿಂದ ಮಗುವಿನ ಮುಖ ಸವರಿ, ಬೆರಳುಗಳನ್ನು ತನ್ನ ಕಣತಲೆಗೆ ಒತ್ತಿ ಲಟಲಟ ಅಂತ ನೆಟಿಕೆ ಮುರಿದು ದೃಷ್ಟಿ ತೆಗೆಯುವುದು. ನಾನೂ ಅದೇ ಕಾಲ ಮೇಲೆ ಬೆಳೆದವಳು. ಈಗಲೂ ಎಲ್ಲಾದರೂ ಸಾಂಬ್ರಾಣಿ ವಾಸನೆ ಬಂದರೆ ಮೊದಲು ನೆನಪಾಗುವುದು ದೇವರಲ್ಲ, ನಮ್ಮಜ್ಜಿ.

ಇನ್ನು ಗುಳ್ಳೆಯ ವಿಷಯ. ನನಗೆ ಹೈಸ್ಕೂಲಿನ ಕಾಲದಿಂದಲೂ ವರ್ಷಕ್ಕೆ ಒಂದೆರಡು ಸಲ ತುಟಿಯ ಎಡಮೂಲೆಯಲ್ಲಿ ಗುಳ್ಳೆ ಏಳುತ್ತಿತ್ತು. ಜ್ವರ ಬಂದಾಗ, ಬಿಸಿಲಲ್ಲಿ ಅಲೆದಾಗ, ನಿದ್ದೆಗೆಟ್ಟಾಗ. ಮೊದಲು ಚುರುಚುರು, ಆಮೇಲೆ ಸಾಸಿವೆ ಕಾಳಿನಷ್ಟು ನೀರುಗುಳ್ಳೆಗಳು, ಆಮೇಲೆ ಅವು ಒಡೆದು ಹಕ್ಕಳೆ. ಅಜ್ಜಿಗೂ ಏಳುತ್ತಿತ್ತು, ಅದೂ ಎಡಮೂಲೆಯಲ್ಲೇ. "ಮಲಗಿದ್ದಾಗ ಜೇಡ ಉಚ್ಚೆ ಉಯ್ದದೆ ಕಣವ್ವ" ಅನ್ನುವುದು ಅಜ್ಜಿಯ ವೈದ್ಯಶಾಸ್ತ್ರ. ಇಬ್ಬರೂ ಒಂದೇ ಬಟ್ಟಲಿನ ತುಪ್ಪ ಸವರಿಕೊಂಡು, ಜೇಡವನ್ನು ಬೈದುಕೊಂಡು ಕೂರುತ್ತಿದ್ದೆವು. ಅಜ್ಜಿ ಉದ್ದನೆ ಪೊರಕೆ ತಂದು ಸೂರಿನ ಜೇಡಗಳನ್ನೆಲ್ಲ ಗುಡಿಸಿ ಹಾಕುವುದೂ ಇತ್ತು. ಏನೂ ಮಾಡದ ಆ ಜೇಡಗಳು ಅದೆಷ್ಟು ಪೊರಕೆ ಏಟು ತಿಂದವೋ.

ನಾನು ಬಸುರಿಯಾಗಿದ್ದಾಗಲೂ ಒಂದು ಸಲ ಗುಳ್ಳೆ ಎದ್ದಿತು. ಹಾಸನದ ಡಾಕ್ಟರಮ್ಮ ನೋಡಿದ ಕೂಡಲೇ ಹೇಳಿದರು, "ಜೇಡಾನೂ ಅಲ್ಲ ಗೀಡಾನೂ ಅಲ್ಲ. ಇದು ಹರ್ಪಿಸ್ ಅನ್ನೋ ವೈರಸ್ಸು." ಅಸೈಕ್ಲೋವಿರ್ ಅನ್ನುವ ಮುಲಾಮು ಬರೆದುಕೊಟ್ಟರು. ಕಿರುಬೆರಳಿನಷ್ಟು ಪುಟ್ಟ ಟ್ಯೂಬು. ತುಟಿ ಚುರುಗುಟ್ಟಲು ಶುರುವಾದ ಕೂಡಲೇ ಹಚ್ಚಬೇಕು, ದಿನಕ್ಕೆ ಐದು ಸಲ, ತಿಕ್ಕಬಾರದು, ಹಚ್ಚುವ ಮುಂಚೆಯೂ ಆಮೇಲೂ ಸೋಪು ಹಾಕಿ ಕೈ ತೊಳೆಯಬೇಕು, ಒಬ್ಬರ ಟ್ಯೂಬು ಇನ್ನೊಬ್ಬರು ಮುಟ್ಟಬಾರದು. ಇಷ್ಟೆಲ್ಲ ಹೇಳಿ ಕೊನೆಗೆ ಅವರು ಹೇಳಿದ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. "ದೊಡ್ಡವರಿಗೆ ಇದು ಬರೀ ಕಿರಿಕಿರಿ. ಹಸುಗೂಸಿಗೆ ಹಾಗಲ್ಲ, ಪ್ರಾಣಕ್ಕೇ ಬರಬಹುದು. ಮನೇಲಿ ಯಾರಿಗೇ ತುಟಿ ಗುಳ್ಳೆ ಎದ್ದಿದ್ರೂ ಮಗು ಮುಖದ ಹತ್ರ ಬಿಡಬೇಡಿ."

ಮಗಳ ಹೊಕ್ಕಳು ಬಿದ್ದು, ಅಜ್ಜಿ ನೀರು ಹುಯ್ಯಲು ಶುರುಮಾಡಿ ಇನ್ನೂ ಕೆಲವೇ ದಿನ ಆಗಿತ್ತು. ಹೆರಿಗೆಯಲ್ಲಿ ಹೊಲಿಗೆ ಹಾಕಿದ್ದರಿಂದ ನನಗೆ ಕೆಳಗೆ ಕೂರಲು ಆಗುತ್ತಿರಲಿಲ್ಲ. ಬಚ್ಚಲುಮನೆ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ನೋಡುತ್ತಿದ್ದೆ. ಆ ಬೆಳಗ್ಗೆ ಅಜ್ಜಿ ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ತಿಕ್ಕುತ್ತಾ ಯಾವುದೋ ಮಾತಿನ ನಡುವೆ ಅಂದಳು, "ಯಾಕೋ ಎದ್ದಾಗಿಂದ ತುಟಿ ಚುರುಗುಟ್ತಾ ಅದೆ. ಆಳಾದ್ ಜೇಡ ತಿರ್ಗಾ ಬಂದದೆ."

"ಎಲ್ಲಿ, ಈ ಕಡೆ ತಿರುಗು" ಅಂದೆ. ತಿರುಗಿದಳು. ಎಡಮೂಲೆ ಕೆಂಪಗೆ ಊದಿಕೊಂಡಿತ್ತು. ನನಗೆ ಹೊಲಿಗೆಯ ನೋವೂ ನೆನಪಾಗಲಿಲ್ಲ. ಕುರ್ಚಿಯಿಂದ ಎದ್ದವಳೇ ಬಗ್ಗಿ, ಎಣ್ಣೆ ಮೈಯಲ್ಲಿ ಜಾರುತ್ತಿದ್ದ ಮಗುವನ್ನು ಟವೆಲ್ ಸಮೇತ ಎತ್ತಿಕೊಂಡುಬಿಟ್ಟೆ. ಮಗು ಕಿರುಚಿಕೊಂಡಿತು.

"ಯಾಕವ್ವಾ, ಏನಾಯ್ತು?" ಅಂತ ಅಜ್ಜಿ ಗಾಬರಿಯಾದಳು.

"ನಿನ್ನ ತುಟಿ ಮೇಲಿರೋದು ಮಗೂಗೆ ಹತ್ತಿದ್ರೆ ಸತ್ತೋಗತ್ತೆ ಅಜ್ಜಿ. ವಾಸಿಯಾಗೋವರೆಗೂ ನೀನು ಇವಳನ್ನ ಮುಟ್ಟಬ್ಯಾಡ."

ಇನ್ನೂ ಮೆತ್ತಗೆ ಹೇಳಬಹುದಿತ್ತೇನೋ. ಆದರೆ ಆ ಗಳಿಗೆಯಲ್ಲಿ ನನಗೆ ಮೆತ್ತನೆ ಮಾತು ಯಾವುದೂ ಹೊಳೆಯಲಿಲ್ಲ. ಅಜ್ಜಿ ಖಾಲಿ ಕಾಲು ನೀಡಿಕೊಂಡು ಹಾಗೇ ಕೂತಿದ್ದಳು. ಕಾಲಿನಿಂದ ಎಣ್ಣೆ ಇಳಿಯುತ್ತಿತ್ತು. ಪಕ್ಕದ ಬಕೆಟ್ಟಿನಲ್ಲಿ ಹದ ಮಾಡಿದ ನೀರು ಹಬೆಯಾಡುತ್ತಿತ್ತು.

"ನಿಮ್ಮಪ್ಪನ್ಗೂ ಊದಿವ್ನಿ, ನಿಂಗೂ ಊದಿವ್ನಿ. ಯಾರ್ ಸತ್ತವ್ರೆ?" ಅಂದಳು. ಆಮೇಲೆ ಸಣ್ಣ ದನಿಯಲ್ಲಿ, "ನನ್ ಬಾಯಿ ಇವತ್ತು ಎಂಜಲಾಯ್ತಾ?" ಅಂದಳು. ಅಮ್ಮ ಒಳಗಿನಿಂದ ಓಡಿ ಬಂದು ನನಗೇ ಬೈದಳು. ನಾನು ಡಾಕ್ಟರಮ್ಮನಿಗೆ ಫೋನು ಮಾಡಿದೆ.

ಅವರು ಕೇಳಿದ್ದು ಎರಡೇ ಪ್ರಶ್ನೆ. "ನೆನ್ನೆ ಮಗು ಮೂಗಿಗೆ ಊದಿದ್ರಾ? ಮುತ್ತು ಕೊಟ್ಟಿದ್ರಾ?" ನಾನು ಅಜ್ಜಿಯ ಮುಖ ನೋಡಿದೆ. ಫೋನಿನ ಮಾತು ಅವಳಿಗೂ ಕೇಳಿಸಿತ್ತು. ತಲೆ ಆಡಿಸಿದಳು. ಎರಡೂ ಆಗಿತ್ತು. "ಹಾಗಾದ್ರೆ ಈಗಲೇ ಹೊರಟು ಬನ್ನಿ" ಅಂದರು ಡಾಕ್ಟರಮ್ಮ. ನಾನು ಮಗುವಿನ ಮೈಯ ಎಣ್ಣೆ ಒರೆಸಿ ಬಟ್ಟೆ ಸುತ್ತಿದೆ.

ಅಪ್ಪ ಪಕ್ಕದ ಬೀದಿಯ ಕಾರಿಗೆ ಹೇಳಿ, ಹಾಗೇ ಅಜ್ಜಿಗೆ ಬೇರೆ ಟ್ಯೂಬು ತರಲು ಮೆಡಿಕಲ್ ಸ್ಟೋರಿಗೆ ಓಡಿದರು. ನನ್ನ ಟ್ಯೂಬಿನ ಫೋಟೋ ಅವರ ಫೋನಿಗೆ ಕಳಿಸಿದ್ದೆ. ಆದರೆ ಗಡಿಬಿಡಿಯಲ್ಲಿ ಕನ್ನಡಕ ಮರೆತು ಹೋಗಿದ್ದ ಅಪ್ಪ ಫೋನಿನಲ್ಲಿ ಆ ಫೋಟೋ ಹುಡುಕಲಾರದೆ, "ನಮ್ಮವ್ವನ್ಗೆ ಒಂದು ಒಳ್ಳೆ ಮುಲಾಮು ಕೊಡಪ್ಪ, ಅರ್ಜೆಂಟು" ಅಂದಿದ್ದಾರೆ. ವಯಸ್ಸಾದ ಹೆಂಗಸಿಗೆ ಅರ್ಜೆಂಟು ಮುಲಾಮು ಅಂದರೆ ಇನ್ನೇನು, ಮಂಡಿನೋವಿನದೇ. ಅಂಗಡಿಯವನು ಅದನ್ನೇ ಕೊಟ್ಟಿದ್ದಾನೆ. ಅಜ್ಜಿ ಮುಚ್ಚಳ ತೆಗೆದು ಬೆರಳಿಗೆ ಹಿಂಡಿಕೊಂಡು ತುಟಿಯ ಹತ್ತಿರ ತಂದಾಗ ಕರ್ಪೂರದಂಥ ಘಾಟು ಇಡೀ ನಡುಮನೆಗೆ ಹಬ್ಬಿತು. "ಅಜ್ಜೀ, ನಿಲ್ಲಿಸು" ಅಂತ ಕೂಗಿದೆ. ಒಂದು ಗಳಿಗೆ ತಡವಾಗಿದ್ದರೆ ಅಜ್ಜಿಯ ತುಟಿ ಉರಿದು ಹೋಗುತ್ತಿತ್ತು. "ಈ ಮನೇಲಿ ಇವತ್ತು ನನ್ ಬಾಯಿಗೆ ಯಾರ್ ಕಣ್ಣು ಬಿತ್ತಪ್ಪಾ" ಅಂತ ಅಜ್ಜಿ ಕೈ ತೊಳೆಯಲು ಎದ್ದು ಹೋದಳು.

ಕಾರು ಬಂದಾಗ ಎಲ್ಲರಿಗಿಂತ ಮೊದಲು ಮುಂದಿನ ಸೀಟಿನಲ್ಲಿ ಕೂತಿದ್ದವಳು ಅಜ್ಜಿಯೇ. "ನಾನೂ ಬತ್ತೀನಿ. ನಂದೇನ್ ತಪ್ಪು ಅಂತ ಆ ಡಾಕ್ಟ್ರವ್ವನ್ನೇ ಕೇಳ್ಬೇಕು." ಮೊಳೆಯಲ್ಲಿದ್ದ ಒಂದು ಮಾಸ್ಕ್ ತಂದು ಕೊಟ್ಟೆ. "ನಾನೇನ್ ಕಣದಲ್ಲಿ ತುಳಿಯೋ ಎತ್ತಾ, ಬಾಯ್ಕುಕ್ಕೆ ಆಕಕೆ?" ಅಂತ ಅದನ್ನು ತೊಡೆಯ ಮೇಲೇ ಇಟ್ಟುಕೊಂಡಳು. ಆದರೆ ದಾರಿಯುದ್ದಕ್ಕೂ ಸೆರಗಿನಿಂದ ಬಾಯಿ ಮುಚ್ಚಿಕೊಂಡೇ ಇದ್ದಳು. ಹಿಂದೆ ಅಮ್ಮನ ತೊಡೆಯ ಮೇಲೆ ಮಗು ನಿದ್ದೆ ಮಾಡುತ್ತಿತ್ತು. ಹಾಸನ ಬರುವವರೆಗೂ ನಾನು ಅದರ ಉಸಿರನ್ನೇ ನೋಡುತ್ತಿದ್ದೆ.

ಡಾಕ್ಟರಮ್ಮ ಮಗುವಿನ ಬಟ್ಟೆ ಬಿಚ್ಚಿಸಿ, ಕಣ್ಣು, ಬಾಯಿ, ಕಿವಿಯ ಹಿಂದೆ, ಕತ್ತಿನ ಮಡಿಕೆ, ಎಲ್ಲ ನೋಡಿದರು. ಪರೀಕ್ಷೆಗೆ ಅಂತ ಬಾಯಿಂದ, ಮೂಗಿನಿಂದ ಹತ್ತಿಯ ಕಡ್ಡಿಯಲ್ಲಿ ತೆಗೆದರು, ರಕ್ತವನ್ನೂ ತೆಗೆದುಕೊಂಡರು. ಆ ಪುಟ್ಟ ಕೈಗೆ ಸೂಜಿ ಚುಚ್ಚಿದಾಗ ಅಜ್ಜಿ ಗೋಡೆಯ ಕಡೆ ತಿರುಗಿದಳು. "ಈಗ ಏನೂ ಕಾಣ್ತಾ ಇಲ್ಲ. ಆದ್ರೆ ಎರಡು ಮೂರು ವಾರ ಕಣ್ಣಲ್ಲಿ ಕಣ್ಣಿಟ್ಟು ನೋಡಬೇಕು. ಜ್ವರ ಬಂದ್ರೆ, ಹಾಲು ಬಿಟ್ರೆ, ಮಂಕಾದ್ರೆ, ಮೈಮೇಲೆ ಒಂದು ಗುಳ್ಳೆ ಕಂಡ್ರೂ ಯೋಚನೆ ಮಾಡದೆ ಬಂದುಬಿಡಿ" ಅಂದರು.

ಆಗ ಅಜ್ಜಿ ಮುಂದೆ ಬಂದಳು. ಬಾಯಿಗೆ ಮಾಸ್ಕ್ ಇತ್ತು. ಯಾವಾಗ ಹಾಕಿಕೊಂಡಳೋ ನಾನು ನೋಡಿರಲಿಲ್ಲ.

"ನನ್ ಬಾಯಲ್ಲಿ ಇಸ ಅದಾ ಅವ್ವಾ?"

ಡಾಕ್ಟರಮ್ಮ ಕುರ್ಚಿ ಎಳೆದು ಅವಳನ್ನು ಕೂರಿಸಿದರು. "ವಿಷ ಅಲ್ಲ ಅಜ್ಜಿ. ಕಣ್ಣಿಗೆ ಕಾಣದ ಹುಳ ಅಂದ್ಕೊಳ್ಳಿ. ನೀವಾಗಿ ತಂದ್ಕೊಂಡಿದ್ದಲ್ಲ, ನಿಮಗೂ ಯಾರೋ ಕೊಟ್ಟಿದ್ದೇ. ನೀವು ಸ್ವಲ್ಪ ಬೆಳೆದ ಕೂಸಾಗಿದ್ದಾಗ ಯಾರೋ ಎತ್ಕೊಂಡು ಮುದ್ದಾಡಿ ಮುತ್ತು ಕೊಟ್ಟಿರ್ತಾರೆ. ಆಗ ಮೈಯೊಳಗೆ ಸೇರಿ ನರದಲ್ಲಿ ಕೂತಿದ್ದು ಜೀವ ಇರೋವರೆಗೂ ಅಲ್ಲೇ ಇರತ್ತೆ. ಈ ಮುಲಾಮು ಹಚ್ಚಿದ್ರೆ ಗುಳ್ಳೆ ಸ್ವಲ್ಪ ಬೇಗ ಒಣಗತ್ತೆ ಅಷ್ಟೆ. ಬುಡಸಮೇತ ಹೋಗಲ್ಲ."

"ಯಾರೋ ಅಂದ್ರೆ ಯಾರು?"

"ಸಾಮಾನ್ಯವಾಗಿ ಮನೆಯೋರೇ. ನಿಮ್ಮಮ್ಮನೋ, ನಿಮ್ಮಜ್ಜಿಯೋ."

ಜಗಳಕ್ಕೆ ಅಂತಲೇ ಹೊರಟು ಬಂದಿದ್ದ ಅಜ್ಜಿ ಮಾಸ್ಕನ್ನು ಮೂಗಿನ ಮೇಲಕ್ಕೆ ಎಳೆದುಕೊಂಡು ಎದ್ದಳು. ಆಸ್ಪತ್ರೆ ಕೆಳಗಿನ ಅಂಗಡಿಯಲ್ಲಿ ಸರಿಯಾದ ಟ್ಯೂಬು ತೆಗೆದುಕೊಂಡೆವು. ಕಾರಿನಲ್ಲಿ ಕೂತು, ಹತ್ತಿಯ ಕಡ್ಡಿಯಲ್ಲಿ ಮುಲಾಮು ತೆಗೆದು ನಾನೇ ಹಚ್ಚಲು ಹೋದೆ. "ನೀನ್ ಬಾಣಂತಿ, ಮಗೂನ ಮುಟ್ಟೋಳು, ಬ್ಯಾಡ" ಅಂತ ನನ್ನ ಕೈಯಿಂದ ಕಿತ್ತುಕೊಂಡು ಡ್ರೈವರಿನ ಕನ್ನಡಿಯಲ್ಲಿ ನೋಡಿಕೊಂಡು ತಾನೇ ಹಚ್ಚಿಕೊಂಡಳು.

ಹೊಳೆನರಸೀಪುರದ ದಾರಿಯಲ್ಲಿ ಅರ್ಧ ಬಂದ ಮೇಲೆ ಅಜ್ಜಿ ಮುಂದಿನ ಸೀಟಿನಿಂದ ತಿರುಗದೇ ಮಾತಾಡಿದಳು.

"ನಮ್ಮವ್ವನ್ಗೂ ಇಂಗೇ ತುಟಿ ಮೂಲೇಲಿ ಗುಳ್ಳೆ ಬರ್ತಿತ್ತಂತೆ ಕಣವ್ವ. ನನ್ನ ಸಾಕಿದ ದೊಡ್ಡವ್ವ ಏಳ್ತಿದ್ಲು."

ಇಲ್ಲಿ ಒಂದು ಮಾತು ಹೇಳಬೇಕು. ಅಜ್ಜಿಯ ತವರು ಅರಕಲಗೂಡಿನ ಕಡೆಯ ಒಂದು ಹಳ್ಳಿ. ಅವಳಿಗೆ ಮಾತು ಬರುವ ಮುಂಚೆಯೇ ತಾಯಿ ತೀರಿಕೊಂಡಿದ್ದಳು. ಬಹಳ ದಿನ ಕಾಯಿಲೆ ಬಿದ್ದು ಸತ್ತಳಂತೆ, ಮಗುವನ್ನು ದೊಡ್ಡವ್ವ ಸಾಕಿದಳಂತೆ. ಒಂದು ಫೋಟೋ ಇಲ್ಲ, ಒಂದು ಸೀರೆಯ ಚೂರಿಲ್ಲ. ನಾವು ಚಿಕ್ಕವರಾಗಿದ್ದಾಗ ಅಮ್ಮ ನಮ್ಮನ್ನು ತಬ್ಬಿಕೊಂಡು ಮುದ್ದು ಮಾಡಿದರೆ ಅಜ್ಜಿ ನೋಡುತ್ತಾ ನಿಂತು, "ನಮ್ಮವ್ವ ನನ್ನ ಎತ್ಕಂಡಿದ್ಲೋ ಇಲ್ವೋ ಅಂತ ಏಳೋಕೆ ಯಾರೂ ಇಲ್ಲ" ಅನ್ನುತ್ತಿದ್ದಳು. ನಗುತ್ತಲೇ ಅನ್ನುತ್ತಿದ್ದಳು. ನಾವೂ ಅದನ್ನು ಕೇಳಿ ಕೇಳಿ ಕಿವಿಗೆ ಹಾಕಿಕೊಳ್ಳುವುದನ್ನು ಬಿಟ್ಟಿದ್ದೆವು.

"ಅಂಗಾರೆ ಎತ್ಕಂಡವ್ಳೆ ಕಣವ್ವ" ಅಂದಳು ಅಜ್ಜಿ. "ಮುತ್ ಕೊಟ್ಟವ್ಳೆ."

ಅವಳ ಕೈ ತುಟಿಯ ಮೂಲೆಯ ಕಡೆಗೆ ಹೋಯಿತು. ಮುಟ್ಟಬಾರದು ಅಂತ ನೆನಪಾಗಿ ಅರ್ಧದಲ್ಲೇ ನಿಂತಿತು. ಡಾಕ್ಟರಮ್ಮ ಅಮ್ಮನೋ ಅಜ್ಜಿಯೋ ಅಂದಿದ್ದರು, ಸಾಕಿದ ದೊಡ್ಡವ್ವನೂ ಆಗಿರಬಹುದು. ಹಾಗಂತ ಹೇಳುವ ಮನಸ್ಸು ಕಾರಿನಲ್ಲಿದ್ದ ಯಾರಿಗೂ ಬರಲಿಲ್ಲ. ನನಗಂತೂ ಅಳು ತಡೆಯಲಾಗಲಿಲ್ಲ. ಅಮ್ಮ ನನ್ನ ಮಂಡಿಯ ಮೇಲೆ ಕೈ ಇಟ್ಟಳು.

ಮಾರನೆಯ ದಿನದಿಂದ ನಮ್ಮ ಮನೆಯ ನಡಾವಳಿಯೇ ಬದಲಾಯಿತು. ಅಮ್ಮನಿಗೆ ಹಸುಗೂಸಿಗೆ ನೀರು ಹುಯ್ಯಲು ಬರುತ್ತಿರಲಿಲ್ಲ, ನಮಗೆಲ್ಲ ಅಜ್ಜಿಯೇ ಹುಯ್ದದ್ದು. ಈಗ ಅಮ್ಮ ಮಣೆಯ ಮೇಲೆ ಕಾಲು ನೀಡಿ ಕೂತರೆ, ಅಜ್ಜಿ ಬಾಗಿಲಾಚೆ ನನ್ನ ಕುರ್ಚಿಯಲ್ಲಿ ಮಾಸ್ಕ್ ಹಾಕಿಕೊಂಡು ಕೂತು ಹೇಳಿಕೊಡುತ್ತಿದ್ದಳು. "ಕತ್ ಕೆಳಗೆ ಕೈ ಕೊಡು. ಯದ್ರಬ್ಯಾಡ. ಈಗ ಬೋರಲು ಆಕು, ಬೆನ್ನಿಗೆ ಉಯ್ಯಿ." ಕೊನೆಗೆ ಅಮ್ಮ ಅಜ್ಜಿಯನ್ನು ನೋಡಿದ ರೂಢಿಯಲ್ಲಿ ಮೂಗಿನ ಹತ್ತಿರ ಬಗ್ಗಿದರೆ, "ಊದ್ಬ್ಯಾಡ! ಡಾಕ್ಟ್ರವ್ವ ಬ್ಯಾಡ ಅಂದವ್ಳೆ" ಅಂತ ಅಜ್ಜಿಯೇ ಗದರುತ್ತಿದ್ದಳು. ಹಿಂದಿನ ದಿನ ಇದೇ ಮಾತಿಗೆ ನನ್ನ ಮೇಲೆ ಹರಿಹಾಯ್ದವಳು ಇವಳೇನಾ ಅನಿಸುತ್ತಿತ್ತು.

ಮುಲಾಮು ಹಚ್ಚುವುದಂತೂ ಪೂಜೆಯಾಯಿತು. ಟ್ಯೂಬಿಗೆ ದೇವರ ಗೂಡಿನ ಪಕ್ಕದಲ್ಲಿ ಜಾಗ. ಪ್ರತಿ ಸಲ ಹಚ್ಚಿದ ಮೇಲೂ ಮೊಣಕೈವರೆಗೂ ಸೋಪು ಹಚ್ಚಿ ತೊಳೆದು, ಎರಡೂ ಕೈ ಎತ್ತಿ ಹಿಡಿದು, "ನೋಡ್ಕಳ್ರಪ್ಪಾ, ತೊಳ್ದಿವ್ನಿ" ಅಂತ ನಮಗೆಲ್ಲ ತೋರಿಸುತ್ತಿದ್ದಳು. ತನ್ನ ಲೋಟ, ತಟ್ಟೆ, ಟವೆಲ್ ಬೇರೆ ಇಟ್ಟಳು. ಮಗುವಿಗೆ ಸಾಂಬ್ರಾಣಿ ಹಾಕಿ ಮಲಗಿಸಿದ ಮೇಲೆ ಮಾತ್ರ ಬಾಗಿಲಾಚೆಯಿಂದಲೇ ಎರಡೂ ಕೈ ಗಾಳಿಯಲ್ಲಿ ಚಾಚಿ, ಅಷ್ಟು ದೂರದಿಂದಲೇ ಮಗುವಿನ ಮುಖ ಸವರಿದ ಹಾಗೆ ಮಾಡಿ, ಕಣತಲೆಗೆ ಬೆರಳೊತ್ತಿ ನೆಟಿಕೆ ಮುರಿಯುತ್ತಿದ್ದಳು. ಹತ್ತೂ ಬೆರಳು ಲಟಲಟ ಅನ್ನುತ್ತಿದ್ದವು.

ಈ ನಡುವೆ ಅರಕಲಗೂಡಿಗೆ ಕೊಟ್ಟಿದ್ದ ನಮ್ಮತ್ತೆ, ಅಂದರೆ ಅಜ್ಜಿಯ ಮಗಳು, ಮಗುವನ್ನು ನೋಡಲು ಬಂದರು. ಹೊಸಿಲು ದಾಟುವ ಮುಂಚೆಯೇ ಅಜ್ಜಿ ಅಡ್ಡ ನಿಂತಳು. "ಬಾಯ್ ತೋರ್ಸು."

"ಇದೇನವ್ವಾ, ಪೊಲೀಸ್ನೋರ್ ತರ?" ಅಂತ ಅತ್ತೆ ನಕ್ಕರು. ತುಟಿಯ ಮೂಲೆಯಲ್ಲಿ ಒಂದು ಸಣ್ಣ ಹಕ್ಕಳೆ, ಮೇಲೆ ಲಿಪ್‌ಸ್ಟಿಕ್ಕು.

"ವಾಸಿಯಾದ್ಮೇಲೆ ಬಾ."

"ಬಸ್ಸಲ್ಲಿ ನಿಂತ್ಕಂಡ್ ಬಂದಿವ್ನಿ ಕಣವ್ವಾ. ಎತ್ತ ಮಗಳನ್ನೇ ಬಾಗ್ಲಲ್ಲಿ ನಿಲ್ಲಿಸ್ತೀಯಾ?" ಅತ್ತೆಯ ಮುಖ ಕೆಂಪಾಯಿತು.

ಅಜ್ಜಿ ಮಗಳ ಕೈ ಹಿಡಿದು ಜಗುಲಿಯ ಮೇಲೆ ಕೂರಿಸಿಕೊಂಡಳು. "ನಂಗೆ ನಮ್ಮವ್ವ ಕೊಟ್ಲು. ನಿಂಗೆ ನಾನ್ ಕೊಟ್ಟೆ, ಅದೋ ಆ ಹುಡ್ಗೀಗೂ ನಾನೇ ಕೊಟ್ಟೆ. ಗೊತ್ತಿರ್ನಿಲ್ಲ, ಕೊಟ್ಬುಟ್ಟೆ. ಈಗ ಗೊತ್ತಾಯ್ತಲ್ಲ. ಇಲ್ಲಿಗೆ ಸಾಕು ಕಣವ್ವಾ." ಅತ್ತೆ ಅಲ್ಲೇ ಕೂತು ಕಾಫಿ ಕುಡಿದು, ಕಿಟಕಿಯಿಂದ ಮಗುವನ್ನು ನೋಡಿ, ಅವರೂ ದೂರದಿಂದಲೇ ನೆಟಿಕೆ ಮುರಿದು ಹೋದರು.

ಪರೀಕ್ಷೆಗಳ ಫಲಿತಾಂಶ ಬಂತು, ಮಗುವಿಗೆ ಏನೂ ತಗಲಿರಲಿಲ್ಲ. ಆದರೂ ಡಾಕ್ಟರಮ್ಮ ಹೇಳಿದ ಅಷ್ಟೂ ವಾರ ನಾವು ಉಸಿರು ಬಿಗಿಹಿಡಿದೇ ಇದ್ದೆವು. ಮಗು ಒಂದು ಸೀನು ಸೀನಿದರೂ ಅಜ್ಜಿ ಹೊಸಿಲ ಹತ್ತಿರ ಬಂದು ನಿಲ್ಲುತ್ತಿದ್ದಳು. ಕಡೆಯ ಸಲ ಹಾಸನಕ್ಕೆ ಹೋಗಿ ತೋರಿಸಿದಾಗ ಡಾಕ್ಟರಮ್ಮ, "ಇನ್ನೇನೂ ಭಯ ಇಲ್ಲ, ಆರಾಮಾಗಿರಿ" ಅಂದರು. ನಾನು ಆಸ್ಪತ್ರೆಯ ಮೆಟ್ಟಿಲ ಮೇಲೇ ಕೂತು ಮನೆಗೆ ಫೋನು ಮಾಡಿದೆ. ಆ ಕಡೆಯಿಂದ ಅಜ್ಜಿ ಮೂಗು ಎಳೆದ ಸದ್ದು ಕೇಳಿಸಿತು.

ಅಜ್ಜಿಯ ತುಟಿ ಅಷ್ಟರಲ್ಲಿ ಯಾವಾಗಲೋ ವಾಸಿಯಾಗಿತ್ತು. ಹಕ್ಕಳೆ ಬಿದ್ದು, ಹೊಸ ಚರ್ಮ ಬಂದಿತ್ತು. "ಇನ್ಮೇಲೆ ನೀನೇ ನೀರು ಹುಯ್ಯಿ ಅಜ್ಜಿ" ಅಂತ ನಾನೇ ಮಗುವನ್ನು ಅವಳ ಕಾಲ ಮೇಲೆ ಮಲಗಿಸಿದೆ. ಹುಯ್ದಳು. ಮೂಗು ನೀವಿದಳು, ಹಣೆ ತಟ್ಟಿದಳು. ಕೊನೆಗೆ ಬಗ್ಗಿದಳು. ಬಗ್ಗಿದವಳು ಮುಖವನ್ನು ಪಕ್ಕಕ್ಕೆ ತಿರುಗಿಸಿ, ಬಚ್ಚಲಿನ ಗೋಡೆಗೆ 'ಉಫ್' ಅಂತ ಊದಿದಳು. ಆಮೇಲೆ ತನಗೇ ನಗು ಬಂತು. ನಾವೂ ನಕ್ಕೆವು. ಆದರೆ ಆಮೇಲೆ ಕೂಡ, ತುಟಿ ಎಷ್ಟೇ ಚೆನ್ನಾಗಿದ್ದರೂ, ಅಜ್ಜಿ ನನ್ನ ಮಗಳಿಗೆ ಒಂದೇ ಒಂದು ಮುತ್ತು ಕೊಡಲಿಲ್ಲ. ಮಗಳು ಓಡಾಡಲು ಕಲಿತ ಮೇಲೆ ಅಜ್ಜಿಯ ತೊಡೆ ಹತ್ತಿ ಬಾಯಿಗೇ ಬಾಯಿ ತಂದರೆ, ಅಜ್ಜಿ ತಲೆ ಬಗ್ಗಿಸಿ ನೆತ್ತಿ ಕೊಡುತ್ತಿದ್ದಳು. ಮಗಳು ಬೆಳ್ಳಗಿನ ಆ ಕೂದಲಿಗೇ ಮುತ್ತು ಕೊಟ್ಟು ಇಳಿದು ಹೋಗುತ್ತಿದ್ದಳು.

ಹೋದ ವರ್ಷ ಅಜ್ಜಿ ತೀರಿಕೊಂಡಳು. ಕಷ್ಟಪಡದೆ, ಮಾತಾಡುತ್ತಲೇ ಹೋದಳು. ದೇವರ ಗೂಡಿನ ಪಕ್ಕದಲ್ಲಿ ಒಣಗಿ ಸುರುಳಿಯಾದ ಆ ಟ್ಯೂಬು ಹಾಗೇ ಇತ್ತು. ಅಮ್ಮ ಎಸೆಯಲು ಹೋದಾಗ ಅಪ್ಪ ಬೇಡ ಅಂದರು.

ಮದುವೆ ಸೀಸನ್ನಿನಲ್ಲಿ ಬ್ಲೌಸುಗಳು ರಾಶಿ ಬಿದ್ದು ನಿದ್ದೆಗೆಟ್ಟಾಗ ನನ್ನ ತುಟಿಯ ಎಡಮೂಲೆ ಈಗಲೂ ಚುರುಗುಟ್ಟುತ್ತದೆ. ಮಗಳಿಗೆ ಗೊತ್ತು. "ಅಮ್ಮಂಗೆ ಗುಳ್ಳೆ" ಅಂತ ಅವಳು ಬಾಗಿಲಾಚೆಗೇ ನಿಂತು, ಪುಟ್ಟ ಕೈ ಚಾಚಿ, ತನ್ನ ಕಣತಲೆಗೆ ಬೆರಳೊತ್ತಿ ನೆಟಿಕೆ ಮುರಿಯುತ್ತಾಳೆ. ಇನ್ನೂ ಸದ್ದು ಬರುವುದಿಲ್ಲ, ಬಾಯಲ್ಲೇ 'ಲಟಲಟ' ಅನ್ನುತ್ತಾಳೆ. ಅವಳ ತುಟಿಯಲ್ಲಿ ಇವತ್ತಿನವರೆಗೆ ಒಂದು ಗುಳ್ಳೆಯೂ ಎದ್ದಿಲ್ಲ. ನಾನು ಕೈ ತೊಳೆದು ಮುಲಾಮು ತೆಗೆಯುತ್ತೇನೆ. ಚುರುಗುಟ್ಟಿದ ಕೂಡಲೇ ಹಚ್ಚಬೇಕು, ತಡ ಮಾಡಬಾರದು ಅಂತ ಚೆನ್ನಾಗಿ ಗೊತ್ತು. ಆದರೂ ಟ್ಯೂಬಿನ ಮುಚ್ಚಳ ಕೈಯಲ್ಲಿ ಹಿಡಿದು ಒಂದು ಗಳಿಗೆ ಸುಮ್ಮನೆ ಕೂರುತ್ತೇನೆ. ನಮ್ಮಜ್ಜಿ ನನಗೆ ಮುತ್ತು ಕೊಟ್ಟಿದ್ದಳು. ಆ ಜಾಗ ಇದೇ.